ಅಳತೆಯೂ ಒಪ್ಪಿಗೆಯೂ: ಬೆಳಗಾವಿ ಸೀಮೆಯ ಒಂದು ವೈದ್ಯಕೀಯ ಸಂಶೋಧನೆಯ ವಿಮರ್ಶೆ

ಶಾಸ್ತ್ರಗ್ರಂಥಗಳನ್ನು ಸಾಹಿತ್ಯವಿಚಾರದ ಎಲ್ಲೆಯೊಳಗೆ ತರುವುದು ಕನ್ನಡ ವಿದ್ವಾಂಸರಿಗೆ ಹೊಸದಲ್ಲ. ಚಾಲುಕ್ಯ ಕೀರ್ತಿವರ್ಮನ ‘ಗೋವೈದ್ಯ’, ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇವುಗಳನ್ನು ನಮ್ಮ ಕವಿಚರಿತೆಕಾರರು ಕಾವ್ಯಗಳ ಸಾಲಿನಲ್ಲಿಯೇ ಎಣಿಸಿರುವರು. ಇವುಗಳೊಳಗೆ ಮಂಗರಾಜನ ಗ್ರಂಥವು ವಿಷವೈದ್ಯಕ್ಕೆ ಮೀಸಲಾದುದು. ಎಂದರೆ ಹೊತ್ತು ಮೀರಿದರೆ ಪ್ರಾಣವೇ ಹೋಗುವಂಥ ಆಪತ್ತಿನಲ್ಲಿ ಮಾಡತಕ್ಕ ಉಪಚಾರವನ್ನು ಹೇಳುವುದು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ತುರ್ತು ಚಿಕಿತ್ಸೆಯ ಗ್ರಂಥವು. ಅಂಥದನ್ನು ಭಾಷೆಯ ದೃಷ್ಟಿಯಿಂದ ಓದುವುದು ಯುಕ್ತವೆಂದ ಬಳಿಕ, ಕನ್ನಡ ನೆಲದಲ್ಲಿಯೇ, ಕನ್ನಡ ಮಾತನಾಡುವ ಜನರ ನಡುವೆಯೇ ಹುಟ್ಟಿದ ಇಂದಿನ ವೈದ್ಯಕೀಯ ಬರಹವನ್ನೂ ಹಾಗೆಯೇ ಓದುವುದು ಅಯುಕ್ತವೆನಿಸಲಾರದು.

ಪ್ರಕೃತ ನಾವು ವಿಚಾರಿಸಲಿರುವುದು 2006ರಲ್ಲಿ ಇಂಗ್ಲೆಂಡಿನ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾದ ಒಂದು ವರದಿಯನ್ನು. ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಬಿ. ಎಸ್. ಕೋಡ್ಕಣಿ, ಎಸ್. ಎಸ್. ಗೌಡರ ಮೊದಲಾದ ವೈದ್ಯರೂ ಅಮೆರಿಕದ ರಿಚರ್ಡ್ ಡರ್ಮನ್ ಮೊದಲಾದವರೂ ಕೂಡಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಸಂಶೋಧನೆಯ ವರದಿಯಿದು. ಹೆರಿಗೆಯಾದ ಕೂಡಲೆ ಉಂಟಾಗುವ ಅತಿಶಯ ರಕ್ತಸ್ರಾವವನ್ನು ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯು ತಡೆಯಬಲ್ಲುದೆ ಎಂಬುದು ಅದರ ಪ್ರಶ್ನೆ. ವೈದ್ಯಶಾಸ್ತ್ರದ ದೃಷ್ಟಿಯಿಂದ ಇದನ್ನು ತೂಗಿ ನೋಡಿದವರು ಬಹಳ ಮಂದಿ ಇರುವರು. ಭಾಷೆಯನ್ನೂ ತರ್ಕವನ್ನೂ ಒಟ್ಟಿಗೆ ಹಿಡಿದು ಓದುವುದು ನಮ್ಮ ಉದ್ದೇಶವು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ: ಈ ಸಂಶೋಧನೆಯ ದೊಡ್ಡ ಗುಣವು ಅದು ಮದ್ದಿಗಿಂತ ಮೊದಲು ಅಳತೆಯನ್ನು ಸರಿಪಡಿಸಿಕೊಂಡುದರಲ್ಲಿದೆ. ಇಂಥ ಸಂಶೋಧನೆಗಳೆಲ್ಲದರ ಬಳಿಯಲ್ಲಿ ಇನ್ನೂ ತೀರದೆ ಉಳಿದಿರುವ ಸಾಲವಾದರೋ ಮಾತಿನದು. ಅದನ್ನು ತೀರಿಸುವುದರಲ್ಲಿ ಕನ್ನಡ ವಿದ್ವಾಂಸರಿಗೂ ಪಾಲುಂಟು.

ಮೊದಲು ಸ್ಥಳವನ್ನು ಕುರಿತು ಎರಡು ಮಾತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ಹೆಸರುಗಳು ನಮ್ಮ ವಾಚಕರಿಗೆ ಇತಿಹಾಸದಿಂದ ಪರಿಚಿತವಾದವು. ಸವದತ್ತಿಯು ರಟ್ಟರ ಶಾಸನಗಳಿಂದ, ಕಿತ್ತೂರು 1824ರ ಕದನದಿಂದ, ಬೈಲಹೊಂಗಲವು ರಾಣಿ ಚೆನ್ನಮ್ಮನ ಸಮಾಧಿಯಿಂದ, ರಾಮದುರ್ಗವು ತನ್ನ ಹಿಂದಿನ ಸಂಸ್ಥಾನದಿಂದ ಹೆಸರಾಗಿರುವವು. ಪರಂತು ಬಾಣಂತಿಯೊಬ್ಬಳಿಗೆ ಆಪತ್ತು ಬಂದೊದಗಿದಾಗ ಲೆಕ್ಕಕ್ಕೆ ಬರುವುದು ಇತಿಹಾಸವಲ್ಲ, ದಾರಿಯ ದೂರವು. ಬೈಲಹೊಂಗಲದಿಂದ ಬೆಳಗಾವಿಯ ದೊಡ್ಡ ಆಸ್ಪತ್ರೆಗಳಿಗೆ ಸುಮಾರು 45 ಕಿಲೋಮೀಟರು. ರಾಮದುರ್ಗದಿಂದ ಸುಮಾರು 100 ಕಿಲೋಮೀಟರು. ಕಿತ್ತೂರು, ಸವದತ್ತಿಗಳ ಜನರು ಬೆಳಗಾವಿಯನ್ನೂ ನೋಡುವರು, ಧಾರವಾಡವನ್ನೂ ನೋಡುವರು. ಮಲಪ್ರಭೆಯ ಎರಡೂ ದಂಡೆಗಳ ಎರೆಭೂಮಿಯಲ್ಲಿ ಚದರಿದ ಹಳ್ಳಿಯಿಂದ ಮೊದಲು ಡಾಂಬರು ದಾರಿಗೆ ಬರುವ ಹೊತ್ತನ್ನು ಇದಕ್ಕೆ ಕೂಡಿಸಬೇಕು. ಕರ್ನಾಟಕದಲ್ಲಿ 108 ಸಂಖ್ಯೆಯ ಆಂಬುಲೆನ್ಸ್ ಸೇವೆಯು ಆರಂಭವಾದುದು 2008ರ ನವೆಂಬರಿನಲ್ಲಿ. ನಾವು ಹೇಳುತ್ತಿರುವ ಸಂಶೋಧನೆಯು ನಡೆದುದು 2002ರ ಸಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ. ಹೆರಿಗೆಯ ನಂತರದ ಘೋರ ರಕ್ತಸ್ರಾವವು ಆರೋಗ್ಯವಂತಳಾದ ಹೆಂಗಸನ್ನೂ ಎರಡು ಗಂಟೆಗಳೊಳಗೆ ಕೊಲ್ಲಬಲ್ಲುದು. ಹೆರಿಗೆಯಾದ ಎರಡು ಗಂಟೆಗಳೊಳಗಿನ ರಕ್ತಸ್ರಾವವನ್ನೇ ಈ ವರದಿಯು ತನ್ನ ಮುಖ್ಯ ಲೆಕ್ಕವಾಗಿ ಇಟ್ಟುಕೊಂಡಿರುವುದು. ಅಂದಿನ ದಾರಿ, ವಾಹನಗಳ ಸ್ಥಿತಿಯಲ್ಲಿ ಅಷ್ಟು ಹೊತ್ತಿನೊಳಗೆ ದೂರದ ಹಳ್ಳಿಯ ಹೆಂಗಸು ದೊಡ್ಡ ಆಸ್ಪತ್ರೆಯ ಬಾಗಿಲನ್ನು ಮುಟ್ಟುವುದೇ ಕಷ್ಟವಾಗಿತ್ತು. ಆದುದರಿಂದ ಚಿಕಿತ್ಸೆಯನ್ನೇ ಅವಳಿದ್ದಲ್ಲಿಗೆ ಒಯ್ಯುವ ವಿಚಾರವು ಸಹಜವಾಗಿಯೇ ಹುಟ್ಟಿತು.

ಇನ್ನು ಅಳತೆಯ ಮಾತು. ಹೆರಿಗೆಯ ನಂತರ 500 ಮಿಲಿಲೀಟರು ಅಥವಾ ಅದಕ್ಕೂ ಹೆಚ್ಚು ರಕ್ತ ಹೋದರೆ ಅದನ್ನು ಅತಿಸ್ರಾವವೆಂದು ಕರೆಯುವುದು ವೈದ್ಯರ ರೂಢಿ. ಆದರೆ ಹೋದ ರಕ್ತವೆಷ್ಟೆಂಬುದನ್ನು ತಿಳಿಯುವ ಬಗೆ ಹೇಗೆ? ಸಾಮಾನ್ಯವಾಗಿ ದಾಯಿಯೂ ಸೂಲಗಿತ್ತಿಯೂ ವೈದ್ಯನೂ ಕಣ್ಣಂದಾಜಿನಿಂದಲೇ ಹೇಳುತ್ತ ಬಂದಿರುವರು. “ರಗತ ಭಾಳ ಹೋತು” ಎಂಬ ಮಾತಿನಲ್ಲಿ ಆ ‘ಭಾಳ’ ಎಂಬುದು ಎಷ್ಟೆಂದು ಕೇಳಿದರೆ ಉತ್ತರವಿಲ್ಲ. ತೊಯ್ದ ಬಟ್ಟೆ, ನೆಲದ ಮಣ್ಣು, ಮಬ್ಬು ಬೆಳಕು ಇವೆಲ್ಲ ಕಣ್ಣನ್ನು ಮೋಸಗೊಳಿಸುವವು. ಬೆಳಗಾವಿಯ ಸಂಶೋಧಕರು ಇದನ್ನು ಊಹೆಗೆ ಬಿಡಲಿಲ್ಲ. ಕೆಳತುದಿಯಲ್ಲಿ ಅಳತೆಯ ಗೆರೆಗಳುಳ್ಳ ಚೀಲವಿರುವ ಪ್ಲಾಸ್ಟಿಕ್ ಹಾಸೊಂದನ್ನು ಸಿದ್ಧಪಡಿಸಿಕೊಂಡು, ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ 123 ಮಂದಿ ಬಾಣಂತಿಯರಲ್ಲಿ ಕೆಲವರ ರಕ್ತಸ್ರಾವವನ್ನು ಕಣ್ಣಂದಾಜಿನಿಂದಲೂ ಉಳಿದವರದನ್ನು ಹಾಸಿನಿಂದಲೂ ಅಳೆದು ಹೋಲಿಸಿದರು. ಕಣ್ಣಂದಾಜು ಹಾಸಿನ ಅಳತೆಗಿಂತ ಶೇಕಡಾ 33ರಷ್ಟು ಕಡಿಮೆಯಾಗಿತ್ತು. ಈ ಫಲಿತಾಂಶವೂ 2006ರಲ್ಲಿಯೇ ಬೇರೊಂದು ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ಒಂದು ಅಂಕಿಯ ಅರ್ಥವನ್ನು ನಿಧಾನಿಸಿ ನೋಡತಕ್ಕದ್ದು. ಒಬ್ಬ ಬಾಣಂತಿಗೆ ನಿಜವಾಗಿ 600 ಮಿಲಿಲೀಟರು ರಕ್ತ ಹೋಗಿದೆಯೆಂದು ಇಟ್ಟುಕೊಳ್ಳೋಣ. ಕಣ್ಣಂದಾಜು ಅದನ್ನು ಸುಮಾರು 400 ಎಂದು ಹೇಳುವುದು. 500ರ ಎಲ್ಲೆಯನ್ನು ದಾಟಿದವಳು ಎಲ್ಲೆಯ ಈಚೆಗೇ ಇರುವಳೆಂದು ಎಣಿಸಲ್ಪಡುವಳು. ಹಾಗೆಂದ ಬಳಿಕ ಗಾಡಿಯನ್ನು ಕರೆಯುವವರಾರು? ಡಾಕ್ಟರರನ್ನು ಎಬ್ಬಿಸುವವರಾರು? ‘ತುರ್ತು’ ಎಂಬ ಮಾತು ರೋಗಿಯ ದೇಹದಲ್ಲಿ ತಾನಾಗಿಯೇ ಬರೆದಿರುವುದಿಲ್ಲ. ಅದನ್ನು ನೋಡಿ ಹೆಸರಿಟ್ಟು ಕರೆದಾಗಲೇ ಅದು ತುರ್ತಾಗುವುದು. ಹೆಸರಿಡುವವನ ಅಳತೆಯು ತಪ್ಪಿದರೆ ಆಪತ್ತು ಆಪತ್ತೆನಿಸದೆಯೇ ಮುಗಿದುಹೋಗುವುದು. ಅಪಘಾತ ವಿಭಾಗಗಳ ಸಂಶೋಧನೆಯಲ್ಲಿ ಯಾವತ್ತೂ ಮೊದಲು ಬರತಕ್ಕ ಪ್ರಶ್ನೆಯು ‘ಯಾವ ಮದ್ದು?’ ಎಂಬುದಲ್ಲ, ‘ಯಾರಿಗೆ ಮೊದಲು?’ ಎಂಬುದು. ಆ ಪ್ರಶ್ನೆಗೆ ಉತ್ತರ ಹೇಳುವ ಸಾಧನವನ್ನು ಸರಿಪಡಿಸಿಕೊಂಡು ತರುವಾಯ ಮದ್ದಿನ ಪರೀಕ್ಷೆಗೆ ಇಳಿದುದನ್ನು ನಾವು ಈ ಸಂಶೋಧನೆಯ ಮುಖ್ಯ ಗುಣವೆಂದು ಎಣಿಸುವೆವು.

ಮದ್ದಿನ ಪರೀಕ್ಷೆಯ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುವೆವು. ಒಟ್ಟು 1620 ಮಂದಿ ಹೆಂಗಸರಲ್ಲಿ 812 ಮಂದಿಗೆ ಹೆರಿಗೆಯಾದ ಮೇಲೆ ಮಿಸೊಪ್ರೊಸ್ಟಾಲ್ ಗುಳಿಗೆಯನ್ನೂ, 808 ಮಂದಿಗೆ ಮದ್ದಿಲ್ಲದ, ನೋಟಕ್ಕೆ ಅದರಂತೆಯೇ ಇರುವ ಗುಳಿಗೆಯನ್ನೂ ಕೊಟ್ಟರು. ಯಾರಿಗೆ ಯಾವುದೆಂಬುದನ್ನು ಯಾರೂ ಆರಿಸಲಿಲ್ಲ. ಅದೃಷ್ಟದ ಚೀಟಿಯಂತೆ ಹಂಚಿಕೆಯಾಯಿತು. ಹೆರಿಗೆ ಮಾಡಿಸಿದವರು, ಗುಳಿಗೆ ಕೊಟ್ಟವರು, ರಕ್ತವನ್ನು ಅಳೆದವರು ಎಲ್ಲರೂ 25 ಮಂದಿ ಆರೋಗ್ಯ ಸಹಾಯಕಿಯರು. ಹಳ್ಳಿಯ ಜನರು ‘ನರ್ಸಬಾಯಿ’ ಎಂದು ಕರೆಯುವವರು. ಅತಿಸ್ರಾವವು ಮದ್ದಿಲ್ಲದವರಲ್ಲಿ ಶೇಕಡಾ 12.0, ಮದ್ದು ಪಡೆದವರಲ್ಲಿ ಶೇಕಡಾ 6.4, ಘೋರ ರಕ್ತಸ್ರಾವವು ಕ್ರಮವಾಗಿ ಶೇಕಡಾ 1.2 ಮತ್ತು 0.2. ಚಳಿ, ಜ್ವರಗಳು ಮದ್ದು ಪಡೆದವರಲ್ಲಿ ಹೆಚ್ಚಾಗಿ ಕಂಡು ಬೇಗನೆ ಇಳಿದವು. 18 ಮಂದಿಗೆ ಗುಳಿಗೆ ಕೊಟ್ಟರೆ ಒಬ್ಬಳ ಅತಿಸ್ರಾವವು ತಪ್ಪುವುದೆಂದು ವರದಿಯು ಲೆಕ್ಕ ಹಾಕಿದೆ.

ಇಲ್ಲಿ ಹಳೆಯ ಶಾಸ್ತ್ರಕ್ಕೂ ಹೊಸ ವರದಿಗೂ ಇರುವ ಭೇದವು ಸ್ಪಷ್ಟವಾಗಿ ತೋರುವುದು. ಹಳೆಯ ವೈದ್ಯಗ್ರಂಥವು ಇಂಥ ಮೂಲಿಕೆಯಿಂದ ಇಂಥ ದೋಷವು ಶಮನವಾಗುವುದೆಂದು ವಿಧಿರೂಪವಾಗಿ ಹೇಳುವುದು. ಶಮನವಾಗದವರ ಲೆಕ್ಕವು ಅಲ್ಲಿಲ್ಲ. ಹೊಸ ವರದಿಯ ರೀತಿ ಬೇರೆ. 812ರಲ್ಲಿ ಶೇಕಡಾ 6.4 ಎಂದರೆ 52 ಮಂದಿ. ಮದ್ದನ್ನು ನುಂಗಿದ ಮೇಲೂ ಇವರಿಗೆ ಅತಿಸ್ರಾವವಾಯಿತು. 808ರಲ್ಲಿ ಶೇಕಡಾ 12.0 ಎಂದರೆ 97 ಮಂದಿ. ಉಳಿದ ಸುಮಾರು 700 ಮಂದಿಗೆ ಮದ್ದಿಲ್ಲದೆಯೂ ಅತಿಸ್ರಾವವಾಗಲಿಲ್ಲ. ಮದ್ದು ಗೆಲ್ಲದ 52 ಮಂದಿಯನ್ನೂ ಮದ್ದು ಬೇಕಿಲ್ಲದ 700 ಮಂದಿಯನ್ನೂ ಒಂದೇ ಪುಟದಲ್ಲಿ ತೋರಿಸುವುದೇ ಈ ಬಗೆಯ ಬರಹದ ಪ್ರಾಮಾಣಿಕತೆಯು. ‘18ಕ್ಕೆ ಒಬ್ಬಳು’ ಎಂಬ ಮಾತನ್ನು ಓದುವಾಗ, ಗುಳಿಗೆ ನುಂಗಿದ ಮಿಕ್ಕ 17 ಮಂದಿಗೆ ಅದರಿಂದ ಈ ಫಲವು ದೊರೆಯಲಿಲ್ಲವೆಂಬುದನ್ನೂ ಕೂಡಿಯೇ ಓದಬೇಕು. ವಾರ್ತಾಪತ್ರಗಳು ಈ ಎರಡನೆಯ ಅರ್ಧವನ್ನು ಬಿಟ್ಟು ಮೊದಲ ಅರ್ಧವನ್ನೇ ಸಾರುವುದುಂಟು.

ಇದಕ್ಕೆ ಆಕ್ಷೇಪವಿಲ್ಲವೆಂದಲ್ಲ. ಮದ್ದಿಲ್ಲದ ಗುಳಿಗೆಯನ್ನು 808 ಮಂದಿಗೆ ಕೊಟ್ಟುದು ಸರಿಯೆ ಎಂಬುದು ಮೊದಲನೆಯ ಆಕ್ಷೇಪವು. ರಕ್ತಸ್ರಾವವನ್ನು ತಡೆಯಲು ಆಕ್ಸಿಟೋಸಿನ್ ಎಂಬ ಸೂಜಿಮದ್ದು ಮೊದಲೇ ಇದ್ದಿತಷ್ಟೆ. 2001ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಬಹುದೇಶೀಯ ಪರೀಕ್ಷೆಯಲ್ಲಿ, ಆಸ್ಪತ್ರೆಗಳಲ್ಲಿ ಹೆರಿಗೆಯಾದ 18,000ಕ್ಕೂ ಮಿಕ್ಕ ಹೆಂಗಸರಲ್ಲಿ ಈ ಎರಡನ್ನೂ ಹೋಲಿಸಿ, ಸೂಜಿಮದ್ದೇ ಮೇಲೆಂದು ಕಂಡುಕೊಂಡಿದ್ದರು. ಹಾಗಿರಲು ಗುಳಿಗೆಯನ್ನು ‘ಏನೂ ಇಲ್ಲ’ದುದರೊಡನೆ ಹೋಲಿಸಿದುದೇಕೆ? ಸಮಾಧಾನವಿಷ್ಟು: ಸೂಜಿಮದ್ದನ್ನು ತಂಪಿನಲ್ಲಿಡಬೇಕು, ಚುಚ್ಚಬಲ್ಲವರು ಬೇಕು, ಹಳ್ಳಿಯ ಮನೆಯ ಹೆರಿಗೆಯಲ್ಲಿ ಅವೆರಡೂ ದುರ್ಲಭವಾಗಿದ್ದವು. ‘ಸಾಧನಗಳ ಕೊರತೆಯಿರುವ ಸಮುದಾಯಗಳಲ್ಲಿ’ ಎಂಬ ಮಾತು ಈ ವರದಿಯ ತಲೆಬರಹದಲ್ಲಿಯೇ ಇರುವುದು. ಆ ವಿಶೇಷಣವನ್ನು ಕಿತ್ತು ಓದಿದರೆ ಸಿದ್ಧಾಂತವು ಕೆಡುವುದು. ‘ಸೂಜಿಮದ್ದಿಲ್ಲದಲ್ಲಿ ಗುಳಿಗೆಯು ಮೇಲು’ ಎಂಬುದು ಸಿದ್ಧವಾಯಿತೇ ಹೊರತು ‘ಗುಳಿಗೆಯು ಸೂಜಿಮದ್ದಿಗೆ ಸಮ’ ಎಂಬುದಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಮಿಸೊಪ್ರೊಸ್ಟಾಲನ್ನು ಅವಶ್ಯಕ ಔಷಧಗಳ ಪಟ್ಟಿಯಲ್ಲಿ ಸೇರಿಸಿದಾಗಲೂ ಆಕ್ಸಿಟೋಸಿನ್ ದೊರೆಯದ ಎಡೆಗೆ ಎಂಬ ಕಟ್ಟನ್ನು ಹಾಕಿಯೇ ಸೇರಿಸಿತು. ಇಂದು ಕಾಲವೂ ಬದಲಾಗಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇಕಡಾ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿರುವವು. ಆದಕಾರಣ ಈ ವರದಿಯನ್ನು ಅದರ ಕಾಲದೇಶಗಳ ಚೌಕಟ್ಟಿನಲ್ಲಿಟ್ಟೇ ಓದತಕ್ಕದ್ದು. ಶಾಸನವನ್ನು ಅದರ ಶಕವರ್ಷವನ್ನು ಬಿಟ್ಟು ಓದಲಾಗದೆಂಬುದು ನಮಗೆ ತಿಳಿದ ನಿಯಮವೇ ಸರಿ.

ಎರಡನೆಯ ಆಕ್ಷೇಪವು ನಮ್ಮದು. ಅದು ಈ ಒಂದು ವರದಿಯ ಮೇಲಲ್ಲ, ಕನ್ನಡ ಸೀಮೆಯಲ್ಲಿ ನಡೆಯುವ ಇಂಥ ಕಾರ್ಯಗಳೆಲ್ಲದರ ಭಾಷೆಯ ಮೇಲೆ. ಸಂಶೋಧನೆಗೆ ಒಳಗಾಗುವವರ ಒಪ್ಪಿಗೆಯನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಕೇಳಬೇಕೆಂದೂ, ಓದಲು ಬಾರದವರಿದ್ದರೆ ಪಕ್ಷಪಾತವಿಲ್ಲದ ಸಾಕ್ಷಿಯೊಬ್ಬರ ಮುಂದೆ ಓದಿ ಹೇಳಬೇಕೆಂದೂ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ನೀತಿಸೂತ್ರಗಳು ವಿಧಿಸಿರುವವು. ತುರ್ತು ಚಿಕಿತ್ಸೆಯಲ್ಲಿ ಈ ವಿಧಿಯು ಬಲು ಕಠಿಣವಾಗುವುದು. ರಕ್ತ ಹರಿಯುತ್ತಿರುವವಳಿಗೆ ಪತ್ರವನ್ನು ಓದಿ ಹೇಳುವ ಹೊತ್ತೆಲ್ಲಿಯದು? 2017ರಲ್ಲಿ ಪ್ರಕಟವಾದ, ಟ್ರಾನೆಕ್ಸಾಮಿಕ್ ಆಮ್ಲವನ್ನು ಕುರಿತ ದೊಡ್ಡ ಪರೀಕ್ಷೆಯು 21 ದೇಶಗಳ 20,060 ಮಂದಿ ಬಾಣಂತಿಯರನ್ನು ಒಳಗೊಂಡಿತ್ತು. ರಕ್ತಸ್ರಾವದಿಂದಾಗುವ ಮರಣವು ಶೇಕಡಾ 1.9ರಿಂದ 1.5ಕ್ಕೆ ಇಳಿಯಿತೆಂದು ಅದು ತೋರಿಸಿತು. ಅಲ್ಲಿ ರಕ್ತಸ್ರಾವವು ಆರಂಭವಾದ ಮೇಲೆಯೇ ಮದ್ದು ಕೊಡಬೇಕಾದುದರಿಂದ, ಹೆಂಗಸಿನ ಸ್ಥಿತಿಯನ್ನು ನೋಡಿ ಬಂಧುಗಳನ್ನು ಕೇಳುವುದು, ಇಲ್ಲವೆ ಒಪ್ಪಿಗೆಯನ್ನು ಮುಂದಕ್ಕೆ ಹಾಕುವುದು ಮುಂತಾದ ಉಪಾಯಗಳನ್ನು ಹಿಡಿಯಬೇಕಾಯಿತು. ಬೆಳಗಾವಿಯಲ್ಲಿ ಪರೀಕ್ಷಿಸಿದ್ದು ಆಪತ್ತು ಬರುವುದಕ್ಕೆ ಮುಂಚೆಯೇ ಕೊಡುವ ಮದ್ದನ್ನು. ಇಂಥಲ್ಲಿ ಗರ್ಭಿಣಿಯಾಗಿದ್ದಾಗಲೇ ಸಾವಕಾಶವಾಗಿ ಕೇಳಲು ಎಡೆಯುಂಟು. ಎಡೆಯುಂಟೆಂದ ಬಳಿಕ, ಕೇಳುವ ಮಾತು ಎಂಥದಿರಬೇಕೆಂಬುದೇ ಮುಖ್ಯ ಪ್ರಶ್ನೆಯಾಗುವುದು.

ಇಲ್ಲಿ ಪದಗಳನ್ನು ಒಂದೊಂದಾಗಿ ನೋಡೋಣ. ‘ಪರೀಕ್ಷೆ’ ಎಂದರೆ ನಮ್ಮ ಹಳ್ಳಿಗರಿಗೆ ಶಾಲೆಯ ಪರೀಕ್ಷೆ, ಇಲ್ಲವೆ ಡಾಕ್ಟರರು ನಾಡಿ ಹಿಡಿದು ಮಾಡುವ ತಪಾಸಣೆ. ‘ಈ ಪರೀಕ್ಷೆಗೆ ಒಪ್ಪಿರುವೆನು’ ಎಂದು ಹೆಬ್ಬೆಟ್ಟನ್ನೊತ್ತಿದವಳು ತನ್ನ ದೇಹದ ತಪಾಸಣೆಗೆ ಒಪ್ಪಿದೆನೆಂದು ತಿಳಿದರೆ ತಪ್ಪು ಅವಳದಲ್ಲ. ಪರೀಕ್ಷೆಗೆ ಒಳಗಾದುದು ಗುಳಿಗೆಯೇ ಹೊರತು ತಾನಲ್ಲವೆಂಬುದು ಆ ಪದದಿಂದ ತಿಳಿಯುವುದಿಲ್ಲ. ‘ಪ್ರಯೋಗ’ ಎಂದರೆ ನಾಟಕದ ಪ್ರಯೋಗವಾಗಬಹುದು, ಮಾಟದ ಪ್ರಯೋಗವೂ ಆಗಬಹುದು. ‘ಯಾದೃಚ್ಛಿಕ’ ಎಂಬುದು ಸಂಖ್ಯಾಶಾಸ್ತ್ರದ ಕನ್ನಡ ಪುಸ್ತಕಗಳಲ್ಲಿ ನೆಲೆಯೂರಿದ ಪದವು. ಸಂಸ್ಕೃತ ಬಲ್ಲವರಿಗೆ ಸುಬೋಧವಾದರೂ ಸವದತ್ತಿಯ ಸಂತೆಗೆ ಬಂದ ಹೆಂಗಸಿಗೆ ಅದು ಇಂಗ್ಲಿಷಿನಷ್ಟೇ ಪರಕೀಯವು. ‘ಚೀಟಿ ಎತ್ತಿದಂತೆ’ ಎಂದರೆ ಅವಳಿಗೆ ಕೂಡಲೆ ಹೊಳೆಯುವುದು. ಯಾರ ಮುಲಾಜೂ ಇಲ್ಲದೆ ಆಗುವ ಹಂಚಿಕೆಯೆಂಬ ಅರ್ಥವು ಅದರಲ್ಲಿಯೇ ಅಡಗಿರುವುದು.

ಮದ್ದಿಲ್ಲದ ಗುಳಿಗೆಗೆ ಹೆಸರಿಡುವುದು ಇನ್ನೂ ಸೂಕ್ಷ್ಮವಾದ ಕೆಲಸ. ‘ಹುಸಿಮದ್ದು’ ಎಂಬ ಪದವು ನೋಡಲು ಅಚ್ಚಗನ್ನಡವಾದರೂ ಎರಡು ದೋಷಗಳಿಗೆ ಗುರಿಯಾಗಿರುವುದು. ‘ಹುಸಿ’ ಎಂದರೆ ಸುಳ್ಳು. ಮೋಸದ ಶಂಕೆಯು ಮೊದಲೇ ಹುಟ್ಟುವುದು. ‘ಮದ್ದು’ ಎಂಬುದಕ್ಕೋ ಔಷಧವೆಂಬ ಅರ್ಥದೊಡನೆ, ಆಗದವರು ಗುಟ್ಟಾಗಿ ಊಟದಲ್ಲಿ ಬೆರೆಸಿ ಇಕ್ಕುವ ವಸ್ತುವೆಂಬ ಅರ್ಥವೂ ಬಳಕೆಯಲ್ಲಿರುವುದು. ‘ಮದ್ದು ಹಾಕಿದರು’ ಎಂಬ ಮಾತಿನ ಭಯವನ್ನು ಬಲ್ಲವರೇ ಬಲ್ಲರು. ‘ಸಪ್ಪೆ ಗುಳಿಗೆ’ ಎಂದು ಹೇಳಿ, ‘ಇದರಲ್ಲಿ ಔಷಧವಿಲ್ಲ, ಇದರಿಂದ ಕೆಡುಕೂ ಇಲ್ಲ’ ಎಂದು ವಿವರಿಸುವುದು ನಮ್ಮ ಮತದಲ್ಲಿ ಮೇಲು. ಉಪ್ಪಿಲ್ಲದುದಕ್ಕೆ ಸಪ್ಪೆಯೆನ್ನುವಂತೆ ಔಷಧವಿಲ್ಲದುದಕ್ಕೂ ಸಪ್ಪೆಯೆನ್ನಬಹುದು.

‘ಒಪ್ಪಿಗೆ’ ಎಂಬುದಾದರೋ ನಮ್ಮ ಭಾಷೆಯ ಒಳ್ಳೆಯ ಪದಗಳಲ್ಲೊಂದು. ‘ಒಪ್ಪು’ ಎಂಬ ಧಾತುವಿಗೆ ಸಮ್ಮತಿಸುವುದೆಂಬ ಅರ್ಥವೂ, ತಕ್ಕುದಾಗಿರುವುದು, ಶೋಭಿಸುವುದು ಎಂಬ ಅರ್ಥವೂ ಇರುವವು. ಹಳಗನ್ನಡ ಕಾವ್ಯಗಳನ್ನು ಓದಿದವರಿಗೆ ಈ ಎರಡನೆಯ ಅರ್ಥವು ಚೆನ್ನಾಗಿ ತಿಳಿದುದೇ. ಮನಸ್ಸಿಗೆ ತಕ್ಕುದೆಂದು ತೋರಿದ ಮೇಲೆ ಕೊಟ್ಟುದೇ ಒಪ್ಪಿಗೆ. ತಿಳಿಯದೆ ತಲೆಯಾಡಿಸಿದುದು ಒಪ್ಪಿಗೆಯಲ್ಲ. ಆದರೆ ಈ ಸೀಮೆಯಲ್ಲಿ ಚೊಚ್ಚಲ ಹೆರಿಗೆಗೆ ಹೆಣ್ಣು ತವರಿಗೆ ಹೋಗುವಳು. ಗಂಡನ ಊರಿನಲ್ಲಿ ಕೇಳಿ ಪಡೆದ ಮಾತು ತವರೂರಿನ ನರ್ಸಬಾಯಿಗೆ ಗೊತ್ತಿರಬೇಕು; ಅತ್ತೆಯ ಮುಂದೆ ಹೇಳಿದ ‘ಹೂಂ’ ತಾಯಿಯ ಮನೆಯಲ್ಲಿಯೂ ಅವಳ ಸ್ವಂತ ಮನಸ್ಸಿನ ಮಾತಾಗಿ ಉಳಿಯಬೇಕು. ‘ಬ್ಯಾಡ’ ಎನ್ನುವ ಅಧಿಕಾರವು ಅವಳಿಗಿದೆಯೆಂಬುದನ್ನೂ, ಹಾಗೆಂದರೆ ಚಿಕಿತ್ಸೆಗೆ ಕೊರತೆಯಾಗದೆಂಬುದನ್ನೂ ಅವಳ ಮಾತಿನಲ್ಲಿಯೇ ಹೇಳದಿದ್ದರೆ ಹೆಬ್ಬೆಟ್ಟಿನ ಗುರುತು ಬರಿಯ ಶಾಯಿಯ ಗುರುತಾದೀತು.

ಬೆಳಗಾವಿಯ ಸಂಶೋಧಕರು ಈ ಒಂದು ವರದಿಗೇ ನಿಂತವರಲ್ಲ. ಉಸಿರಾಡದೆ ಹುಟ್ಟಿದ ಕೂಸಿಗೆ ಉಸಿರು ಹಿಡಿಸುವ ಶಿಕ್ಷಣವನ್ನು 599 ಮಂದಿ ಹೆರಿಗೆ ಮಾಡಿಸುವವರಿಗೆ ಕೊಟ್ಟು, ಅದರ ಫಲವನ್ನು 2013ರಲ್ಲಿ ಪ್ರಕಟಿಸಿದರು. ಸತ್ತು ಹುಟ್ಟಿದವೆಂದು ಬರೆದ ಕೂಸುಗಳ ಪ್ರಮಾಣವು ಶೇಕಡಾ 3.0ರಿಂದ 2.3ಕ್ಕೆ ಇಳಿಯಿತು, ಆದರೆ ಹುಟ್ಟಿದ ಮೇಲಿನ ಮೊದಲ ತಿಂಗಳ ಮರಣವು ಇಳಿಯಲಿಲ್ಲ. ಇಲ್ಲಿಯೂ ಹೆಸರಿಡುವ ಪ್ರಶ್ನೆಯೇ ಬರುವುದು. ಉಸಿರಾಡದ ಕೂಸನ್ನು ‘ಸತ್ತುದು’ ಎಂದು ಬದಿಗಿಡುವ ಬದಲು ಒಂದು ನಿಮಿಷದೊಳಗೆ ಕೈ ಹಾಕಿ ನೋಡಿದರೆ ಅವುಗಳಲ್ಲಿ ಕೆಲವು ಸತ್ತುವಲ್ಲವೆಂದು ತಿಳಿಯುವುದು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಗರ್ಭಿಣಿಯರ ರಕ್ತದೊತ್ತಡವನ್ನು ಕುರಿತು ನಡೆಸಿ 2020ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿಯಾದರೋ, ಆಶಾ ಕಾರ್ಯಕರ್ತೆಯರೇ ಮೊದಲಾದವರಿಂದ ಮನೆಯ ಬಾಗಿಲಲ್ಲಿ ತಪಾಸಣೆ ಮಾಡಿಸಿದರೂ ತಾಯಿಮಕ್ಕಳ ಒಟ್ಟು ಕಷ್ಟನಷ್ಟಗಳು ಕಡಿಮೆಯಾಗಲಿಲ್ಲವೆಂದು ಕಂಡಿತು. ಕೈಗೂಡದುದನ್ನೂ ಅಚ್ಚು ಹಾಕಿಸುವ ಈ ನಡತೆಯು ಸಾಹಿತ್ಯ ಸಂಶೋಧಕರಾದ ನಮಗೂ ಅನುಕರಣೀಯವು.

ಇನ್ನು ಮಾಡತಕ್ಕದ್ದೇನು? ಮೂರು ಸಂಗತಿಗಳನ್ನು ಸೂಚಿಸುವೆವು. ಒಂದನೆಯದು, ಕನ್ನಡ ಸೀಮೆಯಲ್ಲಿ ನಡೆದ ಪ್ರತಿಯೊಂದು ವೈದ್ಯಕೀಯ ಪರೀಕ್ಷೆಯ ಸಾರಾಂಶವೂ ಎರಡು ಪುಟಗಳಷ್ಟು ಕನ್ನಡದಲ್ಲಿ ಅಚ್ಚಾಗಿ, ಅದು ನಡೆದ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೂ ಗ್ರಂಥಾಲಯಗಳಿಗೂ ಮುಟ್ಟಬೇಕು. 1620 ಮಂದಿ ಹೆಂಗಸರ ದೇಹದಿಂದ ಹುಟ್ಟಿದ ಜ್ಞಾನವು ಅವರ ಹೆಣ್ಣುಮಕ್ಕಳಿಗೆ ಓದಲು ದೊರೆಯಬೇಕಾದುದು ನ್ಯಾಯವು. ಎರಡನೆಯದು, ಒಪ್ಪಿಗೆಯ ಪತ್ರಗಳ ಕನ್ನಡವನ್ನು ವೈದ್ಯರೊಬ್ಬರೇ ಬರೆಯದೆ, ಭಾಷೆ ಬಲ್ಲವರೊಡನೆ ಕೂಡಿ ಬರೆದು, ಬೈಲಹೊಂಗಲ ರಾಮದುರ್ಗಗಳ ಹೆಂಗಸರಿಗೆ ಓದಿ ಹೇಳಿಸಿ, ‘ಏನು ತಿಳಿಯಿತು?’ ಎಂದು ಅವರ ಬಾಯಿಂದಲೇ ಮರಳಿ ಹೇಳಿಸಿಕೊಂಡು ತಿದ್ದತಕ್ಕದ್ದು. ಮೂರನೆಯದು, ಹೆರಿಗೆ, ಬಾಣಂತನ, ಆಪತ್ತುಗಳಿಗೆ ಸಂಬಂಧಿಸಿ ಸೂಲಗಿತ್ತಿಯರ ಬಾಯಲ್ಲಿರುವ ಪದಗಳನ್ನು ಕಾಲೇಜುಗಳ ಕನ್ನಡ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದ ಸಂಗ್ರಹಿಸಬೇಕು. ಮನೆಯ ಹೆರಿಗೆಗಳು ನಿಂತುಹೋದಂತೆ ಆ ಪದಗಳೂ ಹಳೆಯ ಸೂಲಗಿತ್ತಿಯರೊಡನೆ ಮರೆಯಾಗುತ್ತಲಿರುವವು. ವೈದ್ಯರಿಗೆ ಬೇಕಾದ ಮಾತುಗಳು ಅಲ್ಲಿಯೇ ಉಂಟು.

ರಕ್ತವನ್ನು ಅಳೆಯಲು ಗೆರೆಗಳುಳ್ಳ ಹಾಸನ್ನು ಸಿದ್ಧಪಡಿಸಿಕೊಂಡ ವಿದ್ವಾಂಸರಿಗೆ, ಮಾತು ಎಷ್ಟರಮಟ್ಟಿಗೆ ತಿಳಿಯಿತೆಂಬುದನ್ನೂ ಅಳೆಯಬೇಕೆಂದು ಹೇಳಿದರೆ ಅದು ಅಸಾಧ್ಯವೆನಿಸಲಾರದು. ಕಣ್ಣಂದಾಜು ಮೂರರಲ್ಲೊಂದು ಪಾಲನ್ನು ಕಾಣದೆ ಬಿಟ್ಟಿತೆಂಬುದನ್ನು ಅವರೇ ನಮಗೆ ತೋರಿಸಿಕೊಟ್ಟರು. ಅವಳಿಗೆ ಎಲ್ಲವೂ ತಿಳಿಯಿತೆಂಬ ನಮ್ಮ ಅಂದಾಜಿನಲ್ಲಿ ಬಿಟ್ಟುಹೋಗುವ ಪಾಲೆಷ್ಟೆಂಬುದನ್ನು ಕಂಡುಹಿಡಿಯುವ ಕೆಲಸದಲ್ಲಿ ವೈದ್ಯರೊಡನೆ ಕನ್ನಡ ಪಂಡಿತರೂ ಕೈಗೂಡಿಸಬೇಕೆಂಬುದೇ ನಮ್ಮ ವಿಜ್ಞಾಪನೆಯು.